ಬಯಸದೆ ಒಳಬಂದವರ ಮೊದಲ ಸರ್ಕಾರ

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದು ಕೇರಳಕ್ಕೆ ಮುಖ್ಯಮಂತ್ರಿ ಇರಲಿಲ್ಲ, ವಿಧಾನಸಭೆ ಇರಲಿಲ್ಲ, ಉತ್ತರದಿಂದ ರಾಜಧಾನಿಗೆ ನೇರ ರೈಲು ಹಳಿಯೂ ಇರಲಿಲ್ಲ. ಐದು ತಿಂಗಳ ಬಳಿಕ ಬಂದ ಮೊದಲ ಸರ್ಕಾರಕ್ಕೆ, ಬಹುಮತ ಕೂಡಿಸುವುದಕ್ಕಿಂತ ಕಠಿಣವಾದ ಕೆಲಸವೊಂದು ಚಂದ್ರಗಿರಿ ಹೊಳೆಯ ಉತ್ತರಕ್ಕೆ ಕಾದಿತ್ತು.

1957ರ ಏಪ್ರಿಲ್ 5, ತಿರುವನಂತಪುರ. ಹನ್ನೊಂದು ಜನ ಒಬ್ಬರ ಹಿಂದೊಬ್ಬರಂತೆ ರಾಜ್ಯಪಾಲರ ಎದುರು ನಿಂತು ಪ್ರಮಾಣ ಸ್ವೀಕರಿಸುತ್ತಿದ್ದಾರೆ. ರಾಜ್ಯಪಾಲ ಬೂರ್ಗುಲ ರಾಮಕೃಷ್ಣ ರಾವ್ ಕೆಲವೇ ತಿಂಗಳ ಹಿಂದೆ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು. ಕೇರಳ ಹುಟ್ಟಿದ ದಿನವೇ ಅವರು ಆಳುತ್ತಿದ್ದ ರಾಜ್ಯ ನಕಾಶೆಯಿಂದ ಅಳಿಸಿಹೋಗಿತ್ತು. ಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದವರು ನಲವತ್ತೇಳರ ಹರೆಯದ, ತುಸು ಉಗ್ಗುವ ಮಾತಿನ ಇ.ಎಂ.ಎಸ್. ನಂಬೂದಿರಿಪಾಡ್. ಆ ಹನ್ನೊಂದು ಜನರಲ್ಲಿ ಮಹಿಳೆ ಒಬ್ಬರೇ, ಕಂದಾಯ ಖಾತೆ ವಹಿಸಿಕೊಂಡ ಕೆ.ಆರ್. ಗೌರಿ. ಹಣಕಾಸು ಸಿ. ಅಚ್ಯುತ ಮೇನೋನ್ ಪಾಲಿಗೆ, ಶಿಕ್ಷಣ ಜೋಸೆಫ್ ಮುಂಡಶ್ಶೇರಿ ಪಾಲಿಗೆ. ಕಾನೂನು ಖಾತೆ ಪಡೆದ ವಿ.ಆರ್. ಕೃಷ್ಣ ಅಯ್ಯರ್ ತಲಶ್ಶೇರಿಯಿಂದ ಪಕ್ಷೇತರರಾಗಿ ಗೆದ್ದುಬಂದವರು. ಜಗತ್ತಿನ ಪತ್ರಿಕೆಗಳಿಗೆ ಅಂದಿನ ಸುದ್ದಿ ಒಂದೇ ಆಗಿತ್ತು: ಭಾರತದ ರಾಜ್ಯವೊಂದರಲ್ಲಿ ಕಮ್ಯುನಿಸ್ಟರು ಮತಪೆಟ್ಟಿಗೆಯ ದಾರಿಯಿಂದ ಅಧಿಕಾರಕ್ಕೆ ಬಂದಿದ್ದಾರೆ.

ಆ ಗದ್ದಲದಲ್ಲಿ ಇನ್ನೊಂದು ಸಂಗತಿ ಮರೆಗೆ ಸರಿಯಿತು. ಮುಖ್ಯಮಂತ್ರಿ ಆರಿಸಿಬಂದ ಕ್ಷೇತ್ರ ರಾಜಧಾನಿಯ ಸಮೀಪದ್ದಲ್ಲ, ಅವರ ಹುಟ್ಟೂರು ಏಲಂಕುಳಂ ಇರುವ ವಳ್ಳುವನಾಡಿನದೂ ಅಲ್ಲ. ರಾಜ್ಯದ ಬಡಗಣ ಅಂಚಿನ ನೀಲೇಶ್ವರದಿಂದ ಅವರು ಗೆದ್ದಿದ್ದರು. ಅರ್ಧ ವರ್ಷದ ಹಿಂದೆ ನೀಲೇಶ್ವರ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಊರು. ಅಲ್ಲಿಗೆ ಹತ್ತಿರದ ಕಯ್ಯೂರಿನಲ್ಲಿ 1941ರಲ್ಲಿ ರೈತರು ಎದ್ದು ನಿಂತಿದ್ದರು. ಮಂಗಳೂರಿನಲ್ಲಿ ವಿಚಾರಣೆ ನಡೆದು, 1943ರ ಮಾರ್ಚ್ 29ರಂದು ನಾಲ್ವರನ್ನು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಲಾಗಿತ್ತು. ನಿರಂಜನರ ‘ಚಿರಸ್ಮರಣೆ’ ಓದಿದ ಕನ್ನಡಿಗರಿಗೆ ಈ ಸೀಮೆ ಹೊಸದಲ್ಲ. ಹೀಗೆ ಕೇರಳದ ಮೊದಲ ಮುಖ್ಯಮಂತ್ರಿ ಕಾಸರಗೋಡು ತಾಲೂಕಿನ ತೆಂಕಣ ಭಾಗದಿಂದ ಬಂದರು. ಅದೇ ತಾಲೂಕಿನ ಬಡಗಣ ಭಾಗದಲ್ಲಿ, ಮಂಜೇಶ್ವರದಿಂದ ಚಂದ್ರಗಿರಿಯವರೆಗೆ, ತಾವು ಕೇರಳದಲ್ಲಿ ಇರಬೇಕಾದವರೇ ಅಲ್ಲ ಎಂದು ನಂಬಿದ ಜನ ಇದ್ದರು.

2026ರ ನವೆಂಬರ್ 1ಕ್ಕೆ ಭಾಷಾವಾರು ರಾಜ್ಯಗಳಿಗೆ ಎಪ್ಪತ್ತು ವರ್ಷ. ಗಡಿಯ ಆಚೆಗೆ ರಾಜ್ಯೋತ್ಸವ, ಈಚೆಗೆ ಕೇರಳದ ಹುಟ್ಟುದಿನ ‘ಕೇರಳಪ್ಪಿರವಿ’. ಈ ಹೊತ್ತಿನಲ್ಲಿ ಒಂದು ಪ್ರಶ್ನೆಯನ್ನು ಗಂಭೀರವಾಗಿ ಕೇಳಬೇಕೆನಿಸುತ್ತದೆ: ಹೊಸದಾಗಿ ಹುಟ್ಟಿದ ನಾಡಿನ ಮೊದಲ ಸರ್ಕಾರಕ್ಕೆ ನಿಜವಾದ ಸವಾಲು ಯಾವುದು? ಸಾಮಾನ್ಯ ಉತ್ತರಗಳು ಗೊತ್ತೇ ಇವೆ. ಸಂಖ್ಯಾಬಲ ಹೊಂದಿಸಬೇಕು, ಖಾತೆ ಹಂಚಬೇಕು, ಖಜಾನೆ ತುಂಬಿಸಬೇಕು, ಅಧಿಕಾರಿಗಳನ್ನು ಪಳಗಿಸಬೇಕು. ಇವೆಲ್ಲ ದೊಡ್ಡ ಕೆಲಸಗಳೇ, ಆದರೆ ಎರಡನೆಯ ಸರ್ಕಾರಕ್ಕೂ ಹತ್ತನೆಯ ಸರ್ಕಾರಕ್ಕೂ ಇವು ತಪ್ಪಿದ್ದಲ್ಲ. ಮೊದಲ ಸರ್ಕಾರಕ್ಕೆ ಮಾತ್ರ ಮೀಸಲಾದ ಕೆಲಸ ಬೇರೊಂದಿದೆ. ಗಡಿ ಎಳೆದಾಗ ತಮ್ಮ ಇಷ್ಟಕ್ಕೆ ವಿರುದ್ಧವಾಗಿ ಒಳಗೆ ಸಿಕ್ಕಿಬಿದ್ದ ಜನರಿಗೆ, ಈ ಸರ್ಕಾರ ತಮ್ಮದೂ ಹೌದು ಎಂಬ ನಂಬಿಕೆ ಹುಟ್ಟಿಸುವುದು ಆ ಕೆಲಸ. ಅದನ್ನು ಮೊದಲ ದಿನಗಳಲ್ಲೇ ಮಾಡದಿದ್ದರೆ ತಲೆಮಾರುಗಟ್ಟಲೆ ಬಾಕಿ ಉಳಿಯುತ್ತದೆ. ಕಾಸರಗೋಡಿನ ಇತಿಹಾಸ ಇದಕ್ಕೆ ಸಾಕ್ಷಿ.

ದೊಡ್ಡ ದೇಶಗಳ ಚರಿತ್ರೆಯೂ ಇದನ್ನೇ ಹೇಳುತ್ತದೆ. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷ ಪದವಿಯ ಪ್ರಮಾಣ ಸ್ವೀಕರಿಸಿದಾಗ ಹದಿಮೂರು ರಾಜ್ಯಗಳಲ್ಲಿ ನಾರ್ತ್ ಕೆರೊಲಿನಾ ಮತ್ತು ರೋಡ್ ಐಲೆಂಡ್ ಇನ್ನೂ ಸಂವಿಧಾನವನ್ನು ಒಪ್ಪಿರಲಿಲ್ಲ. ಬಲಿಷ್ಠ ಕೇಂದ್ರ ತಮ್ಮ ಸ್ವಾತಂತ್ರ್ಯವನ್ನು ನುಂಗೀತು ಎಂಬ ಭಯ ಒಪ್ಪಿದ ರಾಜ್ಯಗಳ ಒಳಗೂ ಇತ್ತು. ಮೊದಲ ಕಾಂಗ್ರೆಸ್ ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ನಾಗರಿಕ ಹಕ್ಕುಗಳ ತಿದ್ದುಪಡಿಗಳನ್ನು ಅದೇ ಸೆಪ್ಟೆಂಬರಿನಲ್ಲಿ ಅಂಗೀಕರಿಸಿದ್ದು. ನವೆಂಬರಿನಲ್ಲಿ ನಾರ್ತ್ ಕೆರೊಲಿನಾ ಒಳಬಂತು, ಮರುವರ್ಷ ಮೇ ತಿಂಗಳಲ್ಲಿ ರೋಡ್ ಐಲೆಂಡ್. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ನೆಹರೂ ಕಟ್ಟಿದ ಸಂಪುಟದಲ್ಲಿ ಅಂಬೇಡ್ಕರ್, ಶ್ಯಾಮಪ್ರಸಾದ ಮುಖರ್ಜಿ, ಷಣ್ಮುಖಂ ಚೆಟ್ಟಿ ಇದ್ದರು. ಕಾಂಗ್ರೆಸ್ಸಿನ ಒಳಗೆ ಸಮರ್ಥರು ಸಿಗದೆ ಅವರನ್ನು ಕರೆದದ್ದಲ್ಲ. ಕಾಂಗ್ರೆಸ್ಸನ್ನು ಒಪ್ಪದವರಿಗೂ ಆ ಸರ್ಕಾರದಲ್ಲಿ ಒಂದು ಮುಖ ಕಾಣಬೇಕಿತ್ತು.

ಮುಖ್ಯಮಂತ್ರಿಯಿಲ್ಲದ ಐದು ತಿಂಗಳು

1956ರ ನವೆಂಬರ್ 1ರಂದೇ ಹುಟ್ಟಿದ ಎರಡು ನೆರೆರಾಜ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವಿಶಾಲ ಮೈಸೂರಿಗೆ ಅಂದೇ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು ಶಾಸನಸಭೆಗಳಲ್ಲಿ ಕನ್ನಡ ಪ್ರದೇಶಗಳನ್ನು ಪ್ರತಿನಿಧಿಸುತ್ತಿದ್ದವರು ಬೆಂಗಳೂರಿನ ಸಭೆಗೆ ಬಂದು ಸೇರಿಕೊಂಡರು. ಹೊಸ ಚುನಾವಣೆಯವರೆಗೆ ಜನರ ದನಿಗೆ ಒಂದು ಠಾವು ಇತ್ತು. ಕೇರಳದಲ್ಲಿ ಹಾಗಾಗಲಿಲ್ಲ. ತಿರುವಾಂಕೂರು-ಕೊಚ್ಚಿಯ ಪನಂಪಿಳ್ಳಿ ಗೋವಿಂದ ಮೇನೋನ್ ಸರ್ಕಾರ ಬಿದ್ದು, 1956ರ ಮಾರ್ಚಿನಲ್ಲೇ ಅಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಹೊಸ ರಾಜ್ಯ ಕಣ್ಣು ತೆರೆದದ್ದು ಅದೇ ಆಳ್ವಿಕೆಯ ನೆರಳಿನಲ್ಲಿ. ಮೊದಲ ಮೂರು ವಾರ ಪಿ.ಎಸ್. ರಾವ್ ಹಂಗಾಮಿ ರಾಜ್ಯಪಾಲರು, ನವೆಂಬರ್ 22ರಿಂದ ಬೂರ್ಗುಲ.

ಇದರ ಪರಿಣಾಮ ಎಲ್ಲರ ಮೇಲೂ ಒಂದೇ ಬಗೆಯದಾಗಿರಲಿಲ್ಲ. ಕೊಲ್ಲಂ, ಆಲಪ್ಪುಳದವರಿಗೆ ರಾಜಧಾನಿ ಹಳೆಯದೇ, ಅಧಿಕಾರಿಗಳೂ ಪರಿಚಿತರೇ. ಕಾಸರಗೋಡಿನವರು ಮದ್ರಾಸಿನ ಶಾಸನಸಭೆಯಲ್ಲಿದ್ದ ದನಿಯನ್ನು ಕಳೆದುಕೊಂಡರು, ಅದರ ಬದಲಿಗೆ ಏನೂ ಸಿಗಲಿಲ್ಲ. ತಮ್ಮನ್ನು ಎಲ್ಲಿ ಸೇರಿಸಬೇಕು ಎಂಬ ಪ್ರಶ್ನೆ ಕುದಿಯುತ್ತಿದ್ದ ತಿಂಗಳುಗಳಲ್ಲೇ ಅವರ ಪರವಾಗಿ ಎದ್ದು ನಿಂತು ಮಾತಾಡಲು ಯಾವ ಸಭೆಯೂ ಇರಲಿಲ್ಲ. ಮದ್ರಾಸೂ ದೂರವೇ ಆಗಿತ್ತಲ್ಲ ಎನ್ನಬಹುದು. ಆದರೆ ಮಂಗಳೂರು-ಮದ್ರಾಸ್ ರೈಲು ಕಾಸರಗೋಡನ್ನು ಹಾದೇ ಹೋಗುತ್ತಿತ್ತು. ಹತ್ತಿದವರು ಮದ್ರಾಸಿನಲ್ಲೇ ಇಳಿಯಬಹುದಿತ್ತು. ತಿರುವನಂತಪುರಕ್ಕೆ ಹೋಗುವ ಹಳಿ ಎರ್ನಾಕುಲಂನಿಂದ ಕೋಟ್ಟಯಂವರೆಗೆ ಆಗಷ್ಟೇ ಬಂದು ನಿಂತಿತ್ತು, ಅದೂ ಮೀಟರ್ ಗೇಜ್. ಕೋಟ್ಟಯಂ-ಕೊಲ್ಲಂ ನಡುವಿನ ತುಂಡು ಕೂಡಿಕೊಂಡದ್ದು 1958ರ ಜನವರಿಯಲ್ಲಿ. ಅಂದರೆ ಹೊಸ ರಾಜ್ಯದ ಮೊದಲ ಹದಿನಾಲ್ಕು ತಿಂಗಳು ಅದರ ಉತ್ತರದ ತುದಿಗೂ ರಾಜಧಾನಿಗೂ ನಡುವೆ ರಾಜ್ಯದೊಳಗೇ ಹಾದುಹೋಗುವ ಅಖಂಡ ರೈಲುಮಾರ್ಗ ಇರಲಿಲ್ಲ. ಐವತ್ತು ಕಿಲೋಮೀಟರ್ ದೂರದ ಮಂಗಳೂರಿನಲ್ಲಿ ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ನೆಂಟರು ಎಲ್ಲ ಇದ್ದ ಜನರಿಗೆ ಐನೂರು ಕಿಲೋಮೀಟರ್ ಆಚೆಯ ಸರ್ಕಾರ ಹೇಗೆ ಕಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ.

■ ಎರಡೇ ಸ್ಥಾನದ ಅಂತರ
*1957ರ ಫೆಬ್ರವರಿ 28ರಿಂದ ಮಾರ್ಚ್ 11ರವರೆಗೆ ಮತದಾನ. ಚುನಾಯಿತ ಸ್ಥಾನ 126, ನಾಮಕರಣಗೊಂಡ ಆಂಗ್ಲೋ ಇಂಡಿಯನ್ ಸದಸ್ಯರು ಒಬ್ಬರು. ಕಮ್ಯುನಿಸ್ಟ್ ಪಕ್ಷಕ್ಕೆ 60, ಕಾಂಗ್ರೆಸ್ಸಿಗೆ 43, ಪ್ರಜಾ ಸೋಷಲಿಸ್ಟ್ ಪಕ್ಷಕ್ಕೆ 9, ಮುಸ್ಲಿಂ ಲೀಗಿಗೆ 8. ಮತಗಳ ಲೆಕ್ಕದಲ್ಲಿ ಕಾಂಗ್ರೆಸ್ಸೇ ಮುಂದೆ. ಐವರು ಪಕ್ಷೇತರರ ಬೆಂಬಲ ಸೇರಿ ಆಡಳಿತ ಪಕ್ಷದ ಬಲ 65. ಬಹುಮತಕ್ಕೆ ಬೇಕಿದ್ದದ್ದು 64. ದ್ವಿಸದಸ್ಯ ಕ್ಷೇತ್ರವಾಗಿದ್ದ ನೀಲೇಶ್ವರ ಒಂದೇ ಎರಡು ಸ್ಥಾನ ಕೊಟ್ಟಿತ್ತು: ಇ.ಎಂ.ಎಸ್. ಮತ್ತು ಮೀಸಲು ಸ್ಥಾನದಿಂದ ಕಲ್ಲಾಳನ್ ವೈದ್ಯರ್. ಅವೆರಡನ್ನು ಕಳೆದರೆ 63.*

ಐವರು ಸದಸ್ಯರು, ನಾಲ್ಕು ಬಣ್ಣ

ಈಗಿನ ಕಾಸರಗೋಡು ಜಿಲ್ಲೆಯ ನೆಲ ಮೊದಲ ವಿಧಾನಸಭೆಗೆ ಕಳಿಸಿದವರ ಪಟ್ಟಿಯನ್ನು ಗಮನಿಸಬೇಕು. ನೀಲೇಶ್ವರದಿಂದ ಇಬ್ಬರು ಕಮ್ಯುನಿಸ್ಟರು. ಹೊಸದುರ್ಗದಿಂದ ಪ್ರಜಾ ಸೋಷಲಿಸ್ಟ್ ಪಕ್ಷದ ಕೆ. ಚಂದ್ರಶೇಖರನ್. ಕಾಸರಗೋಡಿನಿಂದ ಕಾಂಗ್ರೆಸ್ಸಿನ ಸಿ. ಕುಂಞಿಕೃಷ್ಣನ್ ನಾಯರ್. ಮಂಜೇಶ್ವರದಿಂದ ಪಕ್ಷೇತರ ಎಂ. ಉಮೇಶ ರಾವ್, ಅದೂ ಅವಿರೋಧವಾಗಿ. ಲೋಕಸಭೆಗೆ ಕಾಸರಗೋಡಿನಿಂದ ಹೋದವರು ಎ.ಕೆ. ಗೋಪಾಲನ್. ತೆಂಕಣದಿಂದ ಬಡಗಣಕ್ಕೆ ಒಂದು ದಿನದಲ್ಲಿ ದಾಟಿಬಿಡಬಹುದಾದ ಕರಾವಳಿಯ ಈ ಪಟ್ಟಿ ಹೊಸ ರಾಜ್ಯಕ್ಕೆ ನಾಲ್ಕು ಬೇರೆ ಬೇರೆ ಉತ್ತರ ಕೊಟ್ಟಿತು.

ಇವುಗಳಲ್ಲಿ ಮಂಜೇಶ್ವರದ ಉತ್ತರ ಎಲ್ಲಕ್ಕಿಂತ ಅರ್ಥಪೂರ್ಣವಾದದ್ದು ಎಂದು ನನ್ನ ಎಣಿಕೆ. ಕೇರಳ ವಿಧಾನಸಭೆಯ ಚರಿತ್ರೆಯಲ್ಲಿ ಅವಿರೋಧ ಆಯ್ಕೆಯ ಮೊದಲ ಪ್ರಸಂಗ ಅದು. ಅವಿರೋಧ ಆಯ್ಕೆಗೆ ಎರಡು ಮುಖ. ಒಂದು ಕಡೆಯಿಂದ ಅದು ಊರಿನ ಒಗ್ಗಟ್ಟು. ಕನ್ನಡದ ಹಿತ ಕಾಯುವ ಪ್ರತಿನಿಧಿಯ ಎದುರು ಯಾರೂ ಕಣಕ್ಕೆ ಉಳಿಯಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಕೇರಳದ ಮೊದಲ ಸರ್ಕಾರ ಯಾವ ಮತದಾನದಿಂದ ಹುಟ್ಟಿತೋ ಆ ವಿಧಾನಸಭಾ ಮತದಾನದಲ್ಲಿ ಮಂಜೇಶ್ವರದ ಮತದಾರರು ಒಂದು ಚೀಟಿಯನ್ನೂ ಹಾಕಲಿಲ್ಲ. ರಾಷ್ಟ್ರಕವಿ ಗೋವಿಂದ ಪೈಗಳ ಊರು ಅದು. ಕನ್ನಡದ ಅಕ್ಷರಲೋಕದಲ್ಲಿ ದೊಡ್ಡ ಹೆಸರು. ಸರ್ಕಾರ ರಚನೆಯ ಲೆಕ್ಕದಲ್ಲಿ ಅದು ಖಾಲಿ ಬಿಟ್ಟ ಸಾಲು. ಹೊಸ ಸರ್ಕಾರ ಆ ಸಾಲನ್ನು ಸರಿಯಾಗಿ ಓದಬೇಕಿತ್ತು. ಹನ್ನೊಂದು ಮಂತ್ರಿಗಳಲ್ಲಿ ಕನ್ನಡ ಪ್ರದೇಶದವರು ಯಾರೂ ಇರಲಿಲ್ಲ. ಮುಖ್ಯಮಂತ್ರಿಯೇ ಆ ತಾಲೂಕಿನವರಲ್ಲವೇ ಎಂದರೆ, ನೀಲೇಶ್ವರ ಇರುವುದು ಚಂದ್ರಗಿರಿಯ ತೆಂಕಣಕ್ಕೆ. ವಿವಾದವಿದ್ದದ್ದು ಬಡಗಣ ದಡದ ಬಗ್ಗೆ.

ಒಂದೇ ಕಾನೂನು, ಎರಡು ನೆಲ

ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ ಗಡಿಗಳನ್ನು ಒಂದೇ ರಾತ್ರಿಯಲ್ಲಿ ಬದಲಿಸಿತು, ಕಾನೂನುಗಳನ್ನು ಬದಲಿಸಲಿಲ್ಲ. ಹೊಸ ಶಾಸನ ಬರುವವರೆಗೆ ಯಾವ ನೆಲಕ್ಕೆ ಯಾವ ಹಳೆಯ ಕಾನೂನು ಇತ್ತೋ ಅದೇ ಮುಂದುವರಿಯಬೇಕು ಎಂಬುದು ಅದರ ಏರ್ಪಾಟು. ಹೀಗಾಗಿ 1957ರಲ್ಲಿ ಪ್ರಮಾಣ ಸ್ವೀಕರಿಸಿದ ಸರ್ಕಾರದ ಕೈಗೆ ಬಂದದ್ದು ಹೊಲಿಗೆ ಹಾಕದ ತುಂಡುಗಳು. ತೆಂಕಣದಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಅರಸರ ಕಾಲದ ಕಾನೂನುಗಳು. ಮಲಬಾರಿನಲ್ಲಿ ಮದ್ರಾಸಿನ ಕಾನೂನು, ಜನ್ಮಿ ಎಂಬ ಜಮೀನ್ದಾರರ ಹಿಡಿತ. ಕಾಸರಗೋಡು, ಹೊಸದುರ್ಗಗಳಲ್ಲೂ ಮದ್ರಾಸಿನ ಕಾನೂನೇ, ಆದರೆ ಬೇರೆ ಕವಲು. 1799ರ ಬಳಿಕ ಥಾಮಸ್ ಮನ್ರೋ ಕೆನರಾದ ಕಲೆಕ್ಟರಾಗಿ ಬಂದಾಗಿನಿಂದ ಬೆಳೆದ ರಯತವಾರಿ ಪದ್ಧತಿ, ವರ್ಗದಾರ, ಮೂಲಗೇಣಿ, ಚಾಲಗೇಣಿ. ಕುಟುಂಬದ ಆಸ್ತಿಗೆ ಮಲಬಾರಿನಲ್ಲಿ ಮರುಮಕ್ಕತ್ತಾಯವಾದರೆ ತುಳುವರಲ್ಲಿ ಅಳಿಯಸಂತಾನ, ಅದಕ್ಕೆ 1949ರ ಪ್ರತ್ಯೇಕ ಮದ್ರಾಸ್ ಕಾಯ್ದೆ. ಕುಂಬಳೆಯ ಗೇಣಿದಾರನಿಗೂ ಕುಟ್ಟನಾಡಿನ ಗೇಣಿದಾರನಿಗೂ ಸಮಾನವಾದದ್ದು ಹೊಸ ರಾಜ್ಯದ ಹೆಸರು ಮಾತ್ರ.

ಇಲ್ಲಿ ಆ ಸರ್ಕಾರದ ಅತ್ಯುತ್ತಮ ಹೆಜ್ಜೆಯನ್ನು ಮನಸಾರೆ ಮೆಚ್ಚಬೇಕು. ಅಧಿಕಾರ ವಹಿಸಿಕೊಂಡು ಆರೇ ದಿನಕ್ಕೆ, ಏಪ್ರಿಲ್ 11ರಂದು, ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಹೊರಟಿತು. ವಿಧಾನಸಭೆ ಮೊದಲ ಬಾರಿ ಅಧಿವೇಶನ ಸೇರಿದ್ದು ಏಪ್ರಿಲ್ 27ರಂದು, ಅಷ್ಟರವರೆಗೂ ಕಾಯಲಿಲ್ಲ. ಚಾಲಗೇಣಿಯವನು ವರ್ಷವರ್ಷವೂ ಧಣಿಯ ಮರ್ಜಿಯಲ್ಲಿ ಬದುಕಬೇಕಾದವನು. ಅಂಥವನಿಗೆ ಈ ಒಂದು ಆಜ್ಞೆ ಯಾವ ಭಾಷೆಯಲ್ಲಿ ಬರೆದಿದ್ದರೂ ಅರ್ಥವಾಗುವಂಥದ್ದು. ಹೊಸ ಸರ್ಕಾರವೊಂದು ತನ್ನ ಇರವನ್ನು ಗಡಿಯ ಗುಡಿಸಲಿಗೆ ತಲುಪಿಸುವುದು ಹೀಗೆ. ಮೆರವಣಿಗೆ, ಧ್ವಜ, ಭಾಷಣಗಳಿಂದ ಆಗದ ಕೆಲಸ ಇದು.

ಆದರೆ ಮುಂದಿನ ಹೆಜ್ಜೆಯಲ್ಲಿ ಗಡಿನಾಡಿನ ಹಳೆಯ ಚರಿತ್ರೆ ಎದುರು ಬಂದು ನಿಂತಿತು. 1957ರ ಕೊನೆಗೆ ಮಂಡನೆಯಾದ ಕೃಷಿ ಸಂಬಂಧ ಮಸೂದೆ 1959ರ ಜೂನಿನಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆಯಿತು. ಜುಲೈ 31ರಂದು ಸರ್ಕಾರವೇ ವಜಾ ಆಯಿತು. ನಂತರದ ಪಟ್ಟಂ ತಾಣು ಪಿಳ್ಳೆ ಸರ್ಕಾರ ಅದನ್ನು ತಿದ್ದಿ ಅಂಗೀಕರಿಸಿ, 1961ರಲ್ಲಿ ಅದು ಕಾಯ್ದೆಯಾಯಿತು. ಅದೇ ಡಿಸೆಂಬರ್ 5ರಂದು ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಒಂದು ನಿರ್ದಿಷ್ಟ ನೆಲದ ಮಟ್ಟಿಗೆ ರದ್ದುಪಡಿಸಿತು. ಆ ನೆಲ ಯಾವುದು ಗೊತ್ತೇ? ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರಯತವಾರಿ ಭೂಮಿ. ಭೂಸುಧಾರಣೆಯ ಶಾಸನಗಳಿಗೆ ಸಂವಿಧಾನದ 31ಎ ವಿಧಿ ಕೊಟ್ಟಿದ್ದ ರಕ್ಷಣೆ ‘ಎಸ್ಟೇಟ್’ ಎನಿಸಿಕೊಂಡ ಭೂಮಿಗೆ ಮಾತ್ರ. ಎಸ್ಟೇಟ್ ಎಂದರೇನು ಎಂಬುದನ್ನು ಆಯಾ ಪ್ರದೇಶದ ಹಳೆಯ ಕಾನೂನು ಹೇಳಬೇಕು. ಮದ್ರಾಸಿನ ಕಾನೂನಿನಲ್ಲಿ ರಯತವಾರಿ ಭೂಮಿ ಎಸ್ಟೇಟ್ ಅಲ್ಲ. ನ್ಯಾಯಾಲಯದ ತರ್ಕದ ತಿರುಳು ಇದು. ತಿರುವಾಂಕೂರು-ಕೊಚ್ಚಿಯ ಕೆಲವು ಭೂಮಿಗಳ ವಿಷಯದಲ್ಲಿ ಅದೇ ದಿನ ಅದೇ ಕಾಯ್ದೆ ಉಳಿದುಕೊಂಡಿತು.

ಈ ತೀರ್ಪನ್ನು ಕಾನೂನಿನ ಸೂಕ್ಷ್ಮ ಎಂದು ಬದಿಗಿಡುವುದು ಸರಿಯಲ್ಲ. ಐದು ವರ್ಷ ಕಳೆದರೂ ಕೇರಳ ಕಾಸರಗೋಡನ್ನು ತನ್ನ ಕಾನೂನಿನೊಳಗೆ ತಂದುಕೊಂಡಿರಲಿಲ್ಲ ಎಂಬುದಕ್ಕೆ ಅದು ದಾಖಲೆ. ಶಾಸನ ಬರೆದವರ ಕಣ್ಣ ಮುಂದೆ ಇದ್ದದ್ದು ತಿರುವಾಂಕೂರಿನ ಭೂಮಿ, ಮಲಬಾರಿನ ಜನ್ಮಿ. ಕೆನರಾದ ವರ್ಗದಾರನೂ ಅಡಿಕೆ ಬೆಳೆಗಾರನೂ ಆ ಚಿತ್ರದ ಅಂಚಿನಲ್ಲಿದ್ದರು. ದೋಷ ಸರಿಹೋಗಲು ದೇಶದ ಸಂವಿಧಾನಕ್ಕೇ ತಿದ್ದುಪಡಿ ಬೇಕಾಯಿತು: 1964ರ ಹದಿನೇಳನೆಯ ತಿದ್ದುಪಡಿ ರಯತವಾರಿ ಭೂಮಿಯನ್ನೂ ಎಸ್ಟೇಟ್ ಎಂಬುದರ ವ್ಯಾಪ್ತಿ‌ಗೆ ಸೇರಿಸಿತು. ಕೇರಳದ ಹೊಸ ಭೂಸುಧಾರಣಾ ಕಾಯ್ದೆ ಪೂರ್ಣ ಬಲದಿಂದ ಜಾರಿಗೆ ಬಂದದ್ದು 1970ರ ಜನವರಿ 1ರಿಂದ. ಆರು ದಿನದಲ್ಲಿ ಕೊಟ್ಟ ಭರವಸೆ ಕೈಗೆ ಸಿಗಲು ಹದಿಮೂರು ವರ್ಷ ಹಿಡಿಯಿತು.

■ ಅಡಿಕೆ ತೋಟ ‘ತೋಟ’ವಲ್ಲವೇ?
*1961ರ ಕಾಯ್ದೆ ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟಿತ್ತು. ಅಡಿಕೆಗೂ ಕರಿಮೆಣಸಿಗೂ ಕೊಟ್ಟಿರಲಿಲ್ಲ. ಹೀಗೆ ಭೇದ ಮಾಡಲು ತಕ್ಕ ಕಾರಣವಿಲ್ಲ, ಇದು ಸಮಾನತೆಯ ಹಕ್ಕಿಗೆ ವಿರುದ್ಧ ಎಂಬುದು ಸುಪ್ರೀಂ ಕೋರ್ಟ್ ತೀರ್ಪಿನ ಇನ್ನೊಂದು ಆಧಾರ. ಚಹಾ, ರಬ್ಬರ್ ತೆಂಕಣ ಮತ್ತು ಮಲೆನಾಡಿನ ದೊಡ್ಡ ಬಂಡವಾಳದ ಬೆಳೆಗಳು. ಅಡಿಕೆಯ ನಡುವೆ ಮೆಣಸಿನ ಬಳ್ಳಿ ಹಬ್ಬಿಸುವುದು ಕಾಸರಗೋಡು, ದಕ್ಷಿಣ ಕನ್ನಡದ ಬೇಸಾಯದ ಕ್ರಮ.*

ದಾಖಲೆಯ ಭಾಷೆ, ಶಾಲೆಯ ಭಾಷೆ

ಭೂಮಿಯ ವಿಷಯದಲ್ಲಿ ಮೊದಲ ಸರ್ಕಾರ ಮೊದಲ ವಾರವೇ ಮಾತಾಡಿತು. ಭಾಷೆಯ ವಿಷಯದಲ್ಲಿ ಹಾಗೆ ಮಾಡಲಿಲ್ಲ. ನನ್ನ ಮುಖ್ಯ ಆಕ್ಷೇಪ ಇದು. ಕಾಸರಗೋಡಿನ ಬಡಗಣ ಭಾಗದಲ್ಲಿ ಮನೆಮಾತು ಒಂದೇ ಇಲ್ಲ. ತುಳು, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳಂ ಒಂದೇ ಗ್ರಾಮದಲ್ಲಿ ಬೆರೆತಿರುತ್ತವೆ. ಆದರೆ ಶಾಲೆ, ಪತ್ರವ್ಯವಹಾರ, ಜಮೀನಿನ ಕಾಗದ, ಯಕ್ಷಗಾನದ ಪ್ರಸಂಗ ಇವೆಲ್ಲ ತಲೆತಲಾಂತರದಿಂದ ಕನ್ನಡದಲ್ಲಿ ನಡೆದುಬಂದವು. ಮನೆಮಾತಿನ ಗಣತಿ ಈ ಸತ್ಯವನ್ನು ಹಿಡಿಯುವುದಿಲ್ಲ. ತುಳು ಮಾತಾಡುವ ಒಕ್ಕಲಿಗನೊಬ್ಬನನ್ನು ಗಣತಿ ಕನ್ನಡಿಗನೆಂದು ಎಣಿಸದಿದ್ದರೂ ಅವನ ಪಟ್ಟೆ, ಚೀಟಿ, ಮಗಳ ಪಠ್ಯಪುಸ್ತಕ ಕನ್ನಡದಲ್ಲೇ ಇದ್ದವು. ಕಚೇರಿಯ ಭಾಷೆ ಬದಲಾದರೆ ಅವನೂ ತನ್ನ ಕಾಗದಪತ್ರದ ಮಟ್ಟಿಗೆ ಅನಕ್ಷರಸ್ಥನಾಗುತ್ತಾನೆ.

ಮೊದಲ ಸರ್ಕಾರ 1957ರಲ್ಲಿ ಮಲಯಾಳವನ್ನು ಆಡಳಿತ ಭಾಷೆಯಾಗಿ ಬೆಳೆಸುವ ದಾರಿ ಹುಡುಕಲು ಕೋಮಾಟ್ಟಿಲ್ ಅಚ್ಯುತ ಮೇನೋನ್ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಜನರ ಭಾಷೆಯಲ್ಲಿ ಆಡಳಿತ ನಡೆಯಬೇಕೆಂಬ ಆ ಹಂಬಲ ನ್ಯಾಯವಾದದ್ದು. ಕನ್ನಡಿಗರು ಬೆಂಗಳೂರಿನಲ್ಲಿ ಬಯಸಿದ್ದೂ ಅದನ್ನೇ. ಅದೇ ನ್ಯಾಯವನ್ನು ಗಡಿಯ ಜನರಿಗೂ ಅದೇ ಉಸಿರಿನಲ್ಲಿ ಹೇಳಬೇಕಿತ್ತು. ಕನ್ನಡಿಗರು ಮತ್ತು ತಮಿಳರು ತಮ್ಮ ಭಾಷೆಯಲ್ಲೇ ಸರ್ಕಾರದೊಂದಿಗೆ ವ್ಯವಹರಿಸಬಹುದು ಎಂಬ ಭರವಸೆಗೆ ಕೇರಳದಲ್ಲಿ ಶಾಸನದ ರೂಪ ಬಂದದ್ದು 1969ರ ಆಡಳಿತ ಭಾಷಾ ಕಾಯ್ದೆ ಮತ್ತು ಅದರ ತಿದ್ದುಪಡಿಯ ಚೌಕಟ್ಟಿನಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಶಾಲೆ ಮುಗಿಸಿತ್ತು.

ಶಿಕ್ಷಣದಲ್ಲಿ ನಡೆದದ್ದು ಇನ್ನೂ ಗಮನಾರ್ಹ. ಮುಂಡಶ್ಶೇರಿಯವರ 1957ರ ಶಿಕ್ಷಣ ಮಸೂದೆ ಖಾಸಗಿ ಶಾಲೆಗಳ ಶಿಕ್ಷಕರಿಗೆ ಭದ್ರತೆ ತರಲು ಹೊರಟದ್ದು. ರಾಷ್ಟ್ರಪತಿಗಳು ಅದನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು; 1958ರ ಮೇ 22ರಂದು ಉತ್ತರ ಬಂತು. ಎಲ್ಲರೂ ನೆನಪಿಟ್ಟುಕೊಂಡದ್ದು ಅದರಲ್ಲಿನ ಕ್ರೈಸ್ತ ಶಾಲೆಗಳ ವಿಚಾರವನ್ನು. ಆದರೆ ಅದೇ ಅಭಿಪ್ರಾಯದಲ್ಲಿ ಕಾಸರಗೋಡಿಗೆ ಬೇಕಾದ ಮಾತೂ ಇತ್ತು: ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನಿನ ಮುಂದೆ ಅಲ್ಪಸಂಖ್ಯಾತರು ಯಾರು ಎಂಬುದನ್ನು ಇಡೀ ರಾಜ್ಯದ ಜನಸಂಖ್ಯೆಯ ಮೇಲೆ ನಿರ್ಧರಿಸಬೇಕು. ಯಾವುದೋ ಗ್ರಾಮದಲ್ಲಿ ಕನ್ನಡದವರೇ ಹೆಚ್ಚು ಎಂಬ ಕಾರಣಕ್ಕೆ ಅವರ ಅಲ್ಪಸಂಖ್ಯಾತ ಹಕ್ಕು ಕರಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆನ್ನುವ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು ಕೂಡ 1956ರ ಏಳನೆಯ ತಿದ್ದುಪಡಿಯಲ್ಲಿ, ಅಂದರೆ ಈ ಗಡಿಗಳನ್ನು ಎಳೆದ ಕೈಯಿಂದಲೇ. ಕಾಸರಗೋಡಿನ ಕನ್ನಡ ಶಾಲೆಗಳಿಗೆ ಕಾನೂನಿನ ಬಲ ಬಂದದ್ದು ಇಲ್ಲಿಂದ. 1957ರಲ್ಲೇ ಕಾಸರಗೋಡಿಗೆ ಸರ್ಕಾರಿ ಕಾಲೇಜು ಬಂದದ್ದನ್ನೂ ಮರೆಯಬಾರದು. ಗಡಿನಾಡಿನ ಕನ್ನಡ ಓದು, ಬರಹ, ಸಂಶೋಧನೆಗಳಿಗೆ ಆ ಕಾಲೇಜಿನ ಕನ್ನಡ ವಿಭಾಗ ಕೊಟ್ಟ ಆಸರೆ ದೊಡ್ಡದು.

ಎದುರು ಮಾತುಗಳು

ನನ್ನ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು, ಮೂರಕ್ಕೂ ತೂಕವಿದೆ. ಕೇರಳ ಒಂದು ರಾಷ್ಟ್ರವಲ್ಲ, ಸಂವಿಧಾನವೂ ನಾಗರಿಕ ಸೇವೆಯೂ ಸಿದ್ಧವಾಗಿದ್ದ ದೇಶದೊಳಗಿನ ರಾಜ್ಯ. ಹೊಸ ರಾಷ್ಟ್ರದ ಮೊದಲ ಸರ್ಕಾರದೊಂದಿಗೆ ಅದನ್ನು ಹೋಲಿಸುವುದು ಅತಿ ಎಂಬುದು ಮೊದಲನೆಯದು. ಸೈನ್ಯ, ನಾಣ್ಯ, ವಿದೇಶ ವ್ಯವಹಾರಗಳ ಮಟ್ಟಿಗೆ ಈ ಮಾತು ನಿಜ. ಆದರೆ ಸಾಮಾನ್ಯ ಮನುಷ್ಯನಿಗೆ ಸರ್ಕಾರ ಎದುರಾಗುವುದು ಗ್ರಾಮ ಕಚೇರಿಯಲ್ಲಿ, ಶಾಲೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ನ್ಯಾಯಾಲಯದಲ್ಲಿ. ಇವೆಲ್ಲ ರಾಜ್ಯದ ಕೈಯಲ್ಲಿವೆ. 1956ರಲ್ಲಿ ಕಾಸರಗೋಡಿನವನ ಹೈಕೋರ್ಟ್ ಮದ್ರಾಸಿನಿಂದ ಎರ್ನಾಕುಲಂಗೆ ಹೋಯಿತು, ಕಚೇರಿಯ ಭಾಷೆ ಬದಲಾಗತೊಡಗಿತು, ಅವನ ಭೂಮಿಯ ಹಣೆಬರಹ ಬರೆಯುವವರು ಬದಲಾದರು. ಧ್ವಜ ಅದೇ ಉಳಿದಿದ್ದರೂ ಅವನ ದಿನನಿತ್ಯದ ಸರ್ಕಾರ ಹೊಸದೇ ಆಗಿತ್ತು.

ಎರಡನೆಯದು, ಕಾಸರಗೋಡು ತಾಲೂಕಿನಲ್ಲಿ ಒಟ್ಟಾರೆ ಮಲಯಾಳಂ ಮಾತಾಡುವವರೇ ಹೆಚ್ಚು, ರಾಜ್ಯಗಳ ಪುನರ್ವಿಂಗಡಣೆಗೆ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ಅದನ್ನು ನೋಡಿಯೇ ಕೇರಳಕ್ಕೆ ಶಿಫಾರಸು ಮಾಡಿತು ಎಂಬುದು. ಒಟ್ಟು ಲೆಕ್ಕ ಹಾಗಿರಬಹುದು. ಆದರೆ ದಕ್ಷಿಣ ಕನ್ನಡ ಜಿಲ್ಲೆಯನ್ನು ತಾಲೂಕಿನ ಮಟ್ಟದಲ್ಲಿ ಸೀಳಲು ಒಪ್ಪಿದ ಆಯೋಗ, ತಾಲೂಕನ್ನು ಹೊಳೆಯ ಮಟ್ಟದಲ್ಲಿ ಸೀಳಲು ಏಕೆ ಒಪ್ಪಲಿಲ್ಲ? ನೀಲೇಶ್ವರ, ತೃಕ್ಕರಿಪುರದ ಸಂಖ್ಯೆಯಿಂದ ಮಂಜೇಶ್ವರ, ಕುಂಬಳೆಯ ಪ್ರಶ್ನೆ ತೀರ್ಮಾನವಾಯಿತು. 1967ರಲ್ಲಿ ಗಡಿವಿವಾದದ ಮೆಹರ್ ಚಂದ್ ಮಹಾಜನ್ ಆಯೋಗ ಚಂದ್ರಗಿರಿಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿದಾಗ ಈ ಪ್ರಶ್ನೆಗೆ ಆಧಾರವಿತ್ತೆಂಬುದು ಸ್ಪಷ್ಟವಾಯಿತು. ಆ ವರದಿ ಜಾರಿಯಾಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈ ತಮ್ಮ ನೂರು ವರ್ಷಗಳ ಬದುಕಿನ ಕೊನೆಯವರೆಗೂ ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಬೇಡಿಕೆಯನ್ನು ಬಿಡಲಿಲ್ಲ. 2015ರಲ್ಲಿ ಅವರು ತೀರಿಕೊಂಡಾಗಲೂ ಗಡಿ ಇದ್ದಲ್ಲೇ ಇತ್ತು.

ಮೂರನೆಯದು ಎಲ್ಲಕ್ಕಿಂತ ಬಲವಾದದ್ದು: ಇಪ್ಪತ್ತೆಂಟು ತಿಂಗಳೂ ಬಾಳದ, ಎರಡು ಸ್ಥಾನದ ಅಂಚಿನಲ್ಲಿ ನಿಂತಿದ್ದ, ಕೊನೆಗೆ ತನ್ನನ್ನು ಇಳಿಸಲು ಎದ್ದ ‘ವಿಮೋಚನಾ ಸಮರ’ ಎಂಬ ಚಳವಳಿಯ ಬಿರುಗಾಳಿಗೆ ಸಿಕ್ಕಿದ ಸರ್ಕಾರದಿಂದ ಇಷ್ಟನ್ನೆಲ್ಲ ನಿರೀಕ್ಷಿಸಬಹುದೇ? ಆ ಸರ್ಕಾರ ಎದುರಿಸಿದ ಕಷ್ಟವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಭಾಷೆಯ ಭರವಸೆಗೆ ಖಜಾನೆಯ ಹಣ ಬೇಕಿರಲಿಲ್ಲ. ಅದರ ವಿರುದ್ಧ ಬೀದಿಗಿಳಿಯಲು ಜನ್ಮಿಗಳೂ ಇರಲಿಲ್ಲ, ಶಾಲಾ ಆಡಳಿತದವರೂ ಇರಲಿಲ್ಲ. ಆರು ದಿನದಲ್ಲಿ ಒಕ್ಕಲೆಬ್ಬಿಸುವುದನ್ನು ನಿಲ್ಲಿಸಬಲ್ಲ ಸರ್ಕಾರಕ್ಕೆ, ಗಡಿಯ ಕಚೇರಿಗಳಲ್ಲಿ ಕನ್ನಡ ಅರ್ಜಿಗೆ ಕನ್ನಡದಲ್ಲೇ ಉತ್ತರ ಬರುತ್ತದೆ ಎಂದು ಶಾಸನದಲ್ಲಿ ಬರೆಯುವುದು ಅಸಾಧ್ಯವಾಗಿರಲಿಲ್ಲ. ಗಡಿ ಬದಲಾಯಿಸುವುದು ದೆಹಲಿಯ ಕೈಯಲ್ಲಿತ್ತು, ಇದು ತಿರುವನಂತಪುರದ ಕೈಯಲ್ಲಿತ್ತು.

ಮತಪೆಟ್ಟಿಗೆ ಹೇಳಿದ್ದು

ಮಂಜೇಶ್ವರದ ಮುಂದಿನ ಚುನಾವಣೆಗಳನ್ನು ಇದೇ ಬೆಳಕಿನಲ್ಲಿ ಓದಬಹುದು. 1960ರಲ್ಲೂ 1967ರಲ್ಲೂ ಅಲ್ಲಿ ಗೆದ್ದವರು ಪಕ್ಷೇತರರಾಗಿ ನಿಂತ, ಕಾಸರಗೋಡನ್ನು ಮೈಸೂರಿಗೆ ಸೇರಿಸುವ ವಿಲೀನೀಕರಣ ಹೋರಾಟದ ನಾಯಕ ಕಳ್ಳಿಗೆ ಮಹಾಬಲ ಭಂಡಾರಿ. ಕೇರಳದ ಯಾವ ಪಕ್ಷವೂ ಆ ಕ್ಷೇತ್ರದ ಬಾಗಿಲು ದಾಟಲಿಲ್ಲ. 1970ರಲ್ಲಿ ಚಿತ್ರ ಬದಲಾಯಿತು: ಗೆದ್ದವರು ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪ. ಗೇಣಿದಾರರಿಗೆ ಭೂಮಿಯ ಹಕ್ಕು ಕೊಡುವ ಕಾನೂನು ಪೂರ್ಣ ಜಾರಿಗೆ ಬಂದ ವರ್ಷವೇ ಅದು. ಒಂದು ಚುನಾವಣೆಗೆ ಒಂದೇ ಕಾರಣ ಹಚ್ಚಲಾಗದು. ಮಹಾಜನ್ ವರದಿ ಮೂಲೆಗುಂಪಾದ ನಿರಾಸೆಯೂ ಆ ಫಲಿತಾಂಶದಲ್ಲಿ ಇದ್ದಿರಬೇಕು. ಆದರೂ ಹದಿಮೂರು ವರ್ಷ ದೂರ ನಿಂತಿದ್ದ ಕ್ಷೇತ್ರ ಕೇರಳದ ರಾಜಕಾರಣದೊಳಗೆ ಕಾಲಿಟ್ಟದ್ದು ಭೂಮಿಯ ಭರವಸೆ ಕೈಗೆ ಸಿಕ್ಕ ಹೊತ್ತಿನಲ್ಲೇ ಎಂಬುದನ್ನು ಕಡೆಗಣಿಸಲಾಗದು. 1980ರಲ್ಲಿ ಅದೇ ಕ್ಷೇತ್ರದ ಡಾ. ಎ. ಸುಬ್ಬರಾವ್ ಮುಖ್ಯಮಂತ್ರಿ ಇ.ಕೆ. ನಾಯನಾರ್ ಅವರ ಸಂಪುಟದಲ್ಲಿ ನೀರಾವರಿ ಮಂತ್ರಿಯಾದರು. ಮೊದಲ ಸಂಪುಟದಲ್ಲಿ ಕಾಣದೆ ಹೋದ ಮುಖ ಸಂಪುಟದೊಳಗೆ ಬರಲು ಇಪ್ಪತ್ತಮೂರು ವರ್ಷ ಬೇಕಾಯಿತು.

ಭಾಷೆಯ ಬಾಕಿ ಮಾತ್ರ ಇನ್ನೂ ಹಾಗೇ ಇದೆ. 2017ರಲ್ಲಿ ಮಲಯಾಳಂ ಕಲಿಕೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ಬಾರದ ಶಿಕ್ಷಕರ ನೇಮಕವಾಗಿ, ಪಾಠ ಅರ್ಥವಾಗದ ಮಕ್ಕಳೇ ತರಗತಿಯ ಹೊರಗೆ ನಿಂತು ಪ್ರತಿಭಟಿಸಿದ ಪ್ರಸಂಗಗಳು ಈಚಿನ ವರ್ಷಗಳಲ್ಲೂ ನಡೆದಿವೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ಸ್ವೀಕರಿಸಿದರು. ಸಭೆಯಲ್ಲಿ ಶಾಸಕನಿಗೆ ಇರುವ ಈ ಹಕ್ಕು ತರಗತಿಯಲ್ಲಿ ಏಳು ವರ್ಷದ ಮಗುವಿಗೂ, ಗ್ರಾಮ ಕಚೇರಿಯ ಕಿಟಕಿಯ ಮುಂದೆ ನಿಂತ ಅದರ ಅಜ್ಜಿಗೂ ಸಿಗಬೇಕು. ಅದಕ್ಕೆ ಹೊಸ ಆಯೋಗ ಬೇಡ, ಗಡಿ ಬದಲಾವಣೆಯೂ ಬೇಡ. ಕನ್ನಡ ಹುದ್ದೆಗಳ ನೇಮಕಕ್ಕೆ ಮುನ್ನ ಅಭ್ಯರ್ಥಿಗೆ ಕನ್ನಡ ಓದಲು, ಬರೆಯಲು, ಪಾಠ ಹೇಳಲು ಬರುತ್ತದೆಯೇ ಎಂದು ಕನ್ನಡ ಬಲ್ಲವರೇ ಕೂತು ಪರೀಕ್ಷಿಸುವ ನಿಯಮ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಪ್ರತಿ ಕಚೇರಿಯಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಸಿಬ್ಬಂದಿ, ಅರ್ಜಿ ನಮೂನೆಗಳ ಕನ್ನಡ ಪ್ರತಿ, ಇಷ್ಟು ಸಾಕು. ಎಪ್ಪತ್ತನೆಯ ವರ್ಷದ ಕೇರಳ ಸರ್ಕಾರ ಇದನ್ನು ಒಂದು ಆದೇಶದಿಂದ ಮಾಡಬಹುದು.